ಸೆಕೆಂಡ್ ಹ್ಯಾಂಡ್ ಕಾರು: ಬೆಲೆ ಒಂದು, ಲೆಕ್ಕ ಎರಡು

ಗಲ್ಫ್‌ನಿಂದ ರಜೆಯಲ್ಲಿ ಬಂದವರ ಮನೆಯಲ್ಲಿ ಮೊದಲ ವಾರ ನೆಂಟರಿಷ್ಟರ ಗದ್ದಲ. ಎರಡನೇ ವಾರಕ್ಕೆ ಕಾರಿನ ಮಾತು ಶುರು. ಜುಮಾ ಮುಗಿಸಿ ಮಸೀದಿಯ ಅಂಗಳಕ್ಕೆ ಇಳಿದರೆ ಸಾಕು, ‘ಒಳ್ಳೆ ಗಾಡಿ ಒಂದುಂಟು, ಸಿಂಗಲ್ ಓನರ್, ಡಾಕ್ಟ್ರು ಓಡಿಸಿದ್ದು’ ಎನ್ನುವವರು ಇಬ್ಬರಾದರೂ ಸಿಗುತ್ತಾರೆ. ನಮ್ಮೂರುಗಳಲ್ಲಿ ಎಷ್ಟು ಡಾಕ್ಟರುಗಳಿದ್ದಾರೋ ಗೊತ್ತಿಲ್ಲ, ಅವರು ಓಡಿಸಿದ ಕಾರುಗಳು ಮಾತ್ರ ಲೆಕ್ಕಕ್ಕೆ ಸಿಗದಷ್ಟು ಉಂಟು.

ನಮ್ಮ ಮನೆಗಳಿಗೆ ಸೆಡಾನ್ ಕಾರೇ ಯಾಕೆ ಬೇಕು ಅಂದರೆ ಅದಕ್ಕೂ ಕಾರಣ ಇದೆ. ಬಜಪೆ ವಿಮಾನ ನಿಲ್ದಾಣದಿಂದ ಬರುವಾಗ ಎರಡು ದೊಡ್ಡ ಪೆಟ್ಟಿಗೆ ಹಿಡಿಸುವ ಡಿಕ್ಕಿ ಬೇಕು. ಪೆರ್ನಾಲ್ ದಿನ ಮಕ್ಕಳನ್ನೆಲ್ಲ ತುಂಬಿಸಿಕೊಂಡು ನಾಲ್ಕು ಮನೆ ಸುತ್ತಬೇಕು. ಮಂಡಿ ನೋವಿನ ಉಮ್ಮನಿಗೆ ಹತ್ತಿ ಇಳಿಯಲು ಸುಲಭ ಆಗಬೇಕು. ಹೊಸತು ತೆಗೆಯೋಣ ಅಂದರೆ ಸಾಲ, ಸಾಲ ಅಂದರೆ ಬಡ್ಡಿ. ಬಡ್ಡಿಯ ಸಹವಾಸ ಬೇಡ ಅಂತ ನಿರ್ಧರಿಸಿದ ಮನೆಯವರು ಕೈಯಲ್ಲಿದ್ದ ದುಡ್ಡಿಗೆ ಸಿಗುವ ಹಳೆಯ ಕಾರನ್ನು ರೊಕ್ಕ ಎಣಿಸಿ ತರುತ್ತಾರೆ. ಇದು ಒಳ್ಳೆಯದೇ. ಆದರೆ ಇಲ್ಲಿಯೇ ಒಂದು ತಪ್ಪು ನಡೆಯುತ್ತದೆ. ಇದ್ದ ದುಡ್ಡೆಲ್ಲ ಕಾರಿನ ಬೆಲೆಗೇ ಹೋಗುತ್ತದೆ, ಕಾರಿನ ರಿಪೇರಿಗೆ ಅಂತ ಒಂದು ರೂಪಾಯಿಯೂ ಉಳಿಯುವುದಿಲ್ಲ. ಈ ತಪ್ಪನ್ನು ನಾವೂ ಮಾಡಿದೆವು. ಅದರ ಲೆಕ್ಕವನ್ನು ಇಲ್ಲಿ ಬಿಚ್ಚಿಡುತ್ತಿದ್ದೇವೆ. ಒಂದು ಮನೆಯಾದರೂ ಇದನ್ನು ಓದಿ ಬಚಾವಾದರೆ ಸಾಕು.

ಮೆಲ್ಕಾರ್‌ವರೆಗೆ ಹೋಗುವ ಅಂದದ್ದು ನಾವೇ

ನಮ್ಮ ತಮ್ಮ ಎರಡು ತಿಂಗಳ ರಜೆಯಲ್ಲಿ ಬಂದವನು ಪರಿಚಯದವರ ಮೂಲಕ ಹತ್ತು ವರ್ಷ ಹಳೆಯ ಡೀಸೆಲ್ ಸೆಡಾನ್ ಒಂದನ್ನು 4,10,000 ರೂಪಾಯಿಗೆ ತೆಗೆದ. ಮೀಟರಿನಲ್ಲಿ 92 ಸಾವಿರ ಕಿಲೋಮೀಟರ್. ಪಾಲಿಶ್ ಮಾಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸೀಟಿಗೆ ಹೊಸ ಕವರು, ಒಳಗೆ ಅತ್ತರಿನ ಪರಿಮಳ. ನಾವು ಒಂದು ಸುತ್ತು ಓಡಿಸಿ ನೋಡಿದೆವು, ಎ.ಸಿ. ತಂಪು ಉಂಟಾ ಅಂತ ಕೈ ಇಟ್ಟೆವು, ಬಾನೆಟ್ ಎತ್ತಿ ಏನೋ ಗೊತ್ತಿದ್ದವರ ಹಾಗೆ ತಲೆ ಆಡಿಸಿದೆವು. ಆಯಿತು, ವ್ಯಾಪಾರ ಮುಗಿಯಿತು.

ಮೂರನೇ ವಾರ ಉಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟೆವು. ಉಪ್ಪಿನಂಗಡಿಯಿಂದ ಮಾಣಿಯವರೆಗೆ ಎಲ್ಲವೂ ಸರಿ. ಕಲ್ಲಡ್ಕ ದಾಟುವಾಗ ಬಿಸಿಯ ಮುಳ್ಳು ಮೇಲೆ ಹೋದದ್ದನ್ನು ತಮ್ಮ ನೋಡಿದ. ‘ಇಚ್ಚ, ನಿಲ್ಲಿಸುವುದಾ?’ ಅಂತ ಕೇಳಿದ. ಡಾಕ್ಟರ ಸಮಯ ತಪ್ಪಿದರೆ ಇನ್ನು ಹದಿನೈದು ದಿನ ಕಾಯಬೇಕು. ‘ಮೆಲ್ಕಾರ್‌ವರೆಗೆ ಹೋಗುವ, ಅಲ್ಲಿ ಗ್ಯಾರೇಜು ಉಂಟು’ ಅಂದದ್ದು ನಾವೇ. ಮೆಲ್ಕಾರ್ ಮುಟ್ಟುವ ಮೊದಲೇ ಬಾನೆಟ್ಟಿನ ಎಡೆಯಿಂದ ಹೊಗೆ ಬಂತು, ಗಾಡಿ ನಡುಗಿ ನಿಂತಿತು. ಉಮ್ಮನನ್ನು ಬಸ್ಸು ಹತ್ತಿಸಿದೆವು. ಹತ್ತುವಾಗ ಉಮ್ಮ ಬೇರೆ ಏನೂ ಹೇಳಲಿಲ್ಲ. ‘ಮೊದಲೇ ಬಸ್ಸಲ್ಲಿ ಹೋಗಬಹುದಿತ್ತಲ್ಲ ಮೋನೆ’ ಅಂತ ಅಷ್ಟೇ ಅಂದರು.

ರೇಡಿಯೇಟರು ಕಟ್ಟಿಕೊಂಡಿತ್ತು, ಥರ್ಮೋಸ್ಟಾಟ್ ಸಿಕ್ಕಿಕೊಂಡಿತ್ತು. ಮುಳ್ಳು ಏರಿದ ಕೂಡಲೇ ನಿಲ್ಲಿಸಿದ್ದರೆ 9,200 ರೂಪಾಯಿಯಲ್ಲಿ ಮುಗಿಯುವ ಕೆಲಸ. ಆ ಮೂರು ಕಿಲೋಮೀಟರ್ ಎಳೆದುಕೊಂಡು ಹೋದ ತಪ್ಪಿಗೆ ಹೆಡ್ ಗ್ಯಾಸ್ಕೆಟ್ ಸುಟ್ಟು ಹೋಯಿತು, ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಬೇಕಾಯಿತು. ಅದಕ್ಕೆ ಬೇರೆ 21,500.

ಅಲ್ಲಿಂದ ಶುರುವಾದದ್ದು ಏಳು ತಿಂಗಳು ನಿಲ್ಲಲಿಲ್ಲ. ಕ್ಲಚ್ ಸೆಟ್ 11,800. ಮುಂದಿನ ಸಸ್ಪೆನ್ಶನ್ ಕೆಲಸ 10,400. ಎ.ಸಿ.ಯ ಕೂಲಿಂಗ್ ಕಾಯಿಲ್ ಮತ್ತು ಗ್ಯಾಸ್ 8,600. ಬ್ಯಾಟರಿ 5,900. ನಾಲ್ಕು ಟಯರು 19,600. ಒಟ್ಟು ಕೂಡಿಸಿದರೆ 87,000 ರೂಪಾಯಿ. ಅಂದರೆ ನಾವು ನಾಲ್ಕು ಲಕ್ಷದ ಹತ್ತು ಸಾವಿರಕ್ಕೆ ತಂದ ಕಾರು ನಿಜವಾಗಿ ಬಿದ್ದದ್ದು 4,97,000ಕ್ಕೆ. ಈ ಹಣ ಬಂದದ್ದು ಎಲ್ಲಿಂದ? ತಮ್ಮ ಅಲ್ಲಿ ಓವರ್‌ಟೈಮ್ ಮಾಡಿ ಕಳಿಸಿದ್ದು ಒಂದು ಪಾಲು, ಅವನ ಹೆಂಡತಿ ಬಳೆ ತೆಗೆದುಕೊಟ್ಟದ್ದು ಒಂದು ಪಾಲು.

ಊರಿನ ಮೆಕ್ಯಾನಿಕ್ ಕಾಕ ಬಿಲ್ಲು ಬರೆಯುತ್ತಾ ಒಂದು ಮಾತು ಹೇಳಿದರು. ‘ತೆಗೆಯುವ ಮೊದಲು ಒಮ್ಮೆ ತಂದು ತೋರಿಸಿದ್ದರೆ ಒಂದು ಸಾವಿರ ತೆಗೊಳ್ಳುತ್ತಿದ್ದೆ. ಇದರಲ್ಲಿ ಐದನ್ನು ಅಲ್ಲೇ ಹೇಳುತ್ತಿದ್ದೆ. ಅಷ್ಟು ಬೆಲೆ ಇಳಿಸಿ ಕೇಳಬಹುದಿತ್ತಲ್ಲ ನೀವು?’ ನಿಜ. ಹಳೆ ಕಾರಿನಲ್ಲಿ ಕೆಲಸ ಇರುವುದು ಮೋಸವೂ ಅಲ್ಲ, ಆಶ್ಚರ್ಯವೂ ಅಲ್ಲ. ಹತ್ತು ವರ್ಷ ಓಡಿದ ಮೇಲೆ ಸವೆಯಲೇಬೇಕು. ಎಂತ ಸವೆದಿದೆ, ಅದಕ್ಕೆ ಎಷ್ಟಾದೀತು ಎಂಬುದನ್ನು ದುಡ್ಡು ಕೊಡುವ ಮೊದಲು ತಿಳಿದುಕೊಳ್ಳದೆ ಹೋದದ್ದು ನಮ್ಮ ದಡ್ಡತನ. ಕಾಕ ಆಮೇಲೆ ಹೇಳಿಕೊಟ್ಟದ್ದನ್ನು ಮತ್ತು ನಾವು ಅಲ್ಲಿ ಇಲ್ಲಿ ಕೇಳಿ ತಿಳಿದದ್ದನ್ನು ಒಂದೊಂದಾಗಿ ಬರೆಯುತ್ತೇವೆ. ಇಲ್ಲಿ ಕೊಟ್ಟ ಖರ್ಚು ಹೊರಗಿನ ಗ್ಯಾರೇಜಿನ ಅಂದಾಜು. ಗಾಡಿ, ಸಾಮಾನಿನ ಕಂಪೆನಿ, ಊರು ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಶೋರೂಮಿನ ಸರ್ವಿಸ್ ಸೆಂಟರಿನಲ್ಲಿ ಇದಕ್ಕಿಂತ ಹೆಚ್ಚೇ.

ಬಿಸಿ ಏರುವ ಇಂಜಿನ್

ರೇಡಿಯೇಟರಿಗೆ ಕೂಲೆಂಟ್ ಹಾಕಬೇಕು. ನಮ್ಮಲ್ಲಿ ಹೆಚ್ಚಿನವರು ಹಾಕುವುದು ಬಾವಿ ನೀರು. ವರ್ಷಗಟ್ಟಲೆ ಬರೀ ನೀರು ಕುಡಿದ ರೇಡಿಯೇಟರಿನ ಒಳಗೆ ತುಕ್ಕು ಮತ್ತು ಸುಣ್ಣ ಕಟ್ಟಿ ದಾರಿ ಮುಚ್ಚುತ್ತದೆ. ಪರೀಕ್ಷೆ ಸುಲಭ. ಇಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ ಡಬ್ಬಿ ನೋಡಿ. ಹಸಿರೋ ಕೆಂಪೋ ಸ್ವಚ್ಛ ಬಣ್ಣ ಇದ್ದರೆ ಒಳ್ಳೆಯದು. ಕೆಸರಿನ ಹಾಗೆ ಕಂದು ಬಣ್ಣ ಇದ್ದರೆ ಖರ್ಚು ಕಾದಿದೆ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬಾರದು, ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಇಂಜಿನ್ ಆಯಿಲಿನ ಮುಚ್ಚಳ ತೆಗೆದು ಅದರ ಅಡಿ ನೋಡಿ. ಹಾಲು ಹಾಕಿದ ಚಹಾದ ಬಣ್ಣದ ನೊರೆ ಇದ್ದರೆ ಆಯಿಲಿಗೆ ನೀರು ಸೇರಿರಬಹುದು, ಅದು ಹೆಡ್ ಗ್ಯಾಸ್ಕೆಟ್ ಹೋದ ಗುರುತು. ಥರ್ಮೋಸ್ಟಾಟ್ ಒಂದೇ ಆದರೆ ಒಂದೆರಡು ಸಾವಿರ, ವಾಟರ್ ಪಂಪ್ ಮೂರರಿಂದ ಐದು ಸಾವಿರ, ರೇಡಿಯೇಟರು ನಾಲ್ಕರಿಂದ ಏಳು ಸಾವಿರ. ಹೆಡ್ ಬಿಚ್ಚುವ ಕೆಲಸಕ್ಕೆ ಹದಿನೈದರಿಂದ ಮೂವತ್ತು ಸಾವಿರ. ಓಡುವ ದಾರಿಯಲ್ಲಿ ಮುಳ್ಳು ಏರಿದರೆ ಎಲ್ಲಿದ್ದೀರೋ ಅಲ್ಲೇ ಬದಿಗೆ ಹಾಕಿ, ಇಂಜಿನ್ ಆಫ್ ಮಾಡಿ. ಯಾರ ಅಪಾಯಿಂಟ್‌ಮೆಂಟ್ ಆದರೂ ಆಗಲಿ. ಇದನ್ನು 21,500 ರೂಪಾಯಿ ಕೊಟ್ಟು ಕಲಿತವರು ಹೇಳುತ್ತಿದ್ದೇವೆ.

ಡೀಸೆಲ್ ಗಾಡಿಯ ದೊಡ್ಡ ಖರ್ಚು

ನಮ್ಮ ಕಡೆ ಹಳೆ ಡೀಸೆಲ್ ಸೆಡಾನುಗಳಲ್ಲಿ ಹೆಚ್ಚು ಕಾಣುವುದು ಫಿಯೆಟ್ ಕಂಪೆನಿ ರೂಪಿಸಿದ 1,248 ಸಿಸಿ ಇಂಜಿನ್. ಮಾರುತಿ ಡಿಸೈರ್, ಎಸ್‌ಎಕ್ಸ್4, ಸಿಯಾಝ್, ಟಾಟಾ ಮಾಂಝಾ, ಝೆಸ್ಟ್, ಫಿಯೆಟ್ ಲಿನಿಯಾ, ಇವೆಲ್ಲದರಲ್ಲೂ ಬಂದದ್ದು ಮೂಲದಲ್ಲಿ ಇದೇ. ಇದರ ಕೆಲಸ ಗೊತ್ತಿಲ್ಲದ ಮೆಕ್ಯಾನಿಕ್ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ, ಸಾಮಾನೂ ಎಲ್ಲ ಕಡೆ ಸಿಗುತ್ತದೆ. ಅದು ದೊಡ್ಡ ಅನುಕೂಲ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದಾಗ ಮಾರುತಿ ಕಂಪೆನಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಹಾಗಾಗಿ ಇವತ್ತು ಮಾರಾಟಕ್ಕೆ ಬರುವ ಡೀಸೆಲ್ ಡಿಸೈರ್ ಎಲ್ಲವೂ ಅದಕ್ಕಿಂತ ಹಿಂದಿನವು, ಬಹಳಷ್ಟು ಲಕ್ಷ ಕಿಲೋಮೀಟರ್ ದಾಟಿದವು.

ಈ ಇಂಜಿನಿನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಚೈನ್ ಅಂದರೆ ಆಯುಷ್ಯಪೂರ್ತಿ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದರೆ ಸರಿ. ಬದಲಿಸದಿದ್ದರೆ ಚೈನ್ ಸಡಿಲಾಗುತ್ತದೆ, ಟೆನ್ಶನರ್ ಕೈಕೊಡುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮೊದಲ ಕೆಲವು ಸೆಕೆಂಡು ಸರಪಳಿ ಅಲುಗಾಡಿಸಿದ ಹಾಗೆ ಸದ್ದು ಬರುತ್ತದೆ. ಅದನ್ನು ಸುಮ್ಮನೆ ಬಿಟ್ಟು ಚೈನ್ ತಪ್ಪಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನೇ ಹಾಳು. ಚೈನ್ ಸೆಟ್ ಹಾಕಿಸಲು ಎಂಟರಿಂದ ಹದಿನೈದು ಸಾವಿರ. ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕಾದರೆ ಅರುವತ್ತು ಸಾವಿರದಿಂದ ಲಕ್ಷದ ಮೇಲೆ. ಅದಕ್ಕೇ ಮಾರುವವರಿಗೆ ಹೇಳಿ, ‘ನಾವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ’ ಅಂತ. ನಾವು ಹೋಗುವಾಗ ಬಾನೆಟ್ ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಸಂಶಯ ಇರಲಿ.

ಎರಡನೆಯದು ಟರ್ಬೊ. ಗಾಡಿ ಎಳೆಯುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಸಿಳ್ಳೆ ಹಾಕುತ್ತದೆ, ಹಿಂದಿನಿಂದ ನೀಲಿ ಹೊಗೆ, ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ ಅಂದರೆ ಟರ್ಬೊ ನೋಡಿಸಬೇಕು. ರಿಪೇರಿಗೆ ಅಥವಾ ಬದಲಿಸಲಿಕ್ಕೆ ಹದಿನೈದರಿಂದ ಮೂವತ್ತು ಸಾವಿರದವರೆಗೆ ಆಗುತ್ತದೆ. ಘಾಟಿ ಹತ್ತಿ ಬಂದ ಕೂಡಲೇ ಇಂಜಿನ್ ಆಫ್ ಮಾಡಬಾರದು, ಒಂದೆರಡು ನಿಮಿಷ ಸುಮ್ಮನೆ ಓಡಲಿಕ್ಕೆ ಬಿಟ್ಟು ಆಫ್ ಮಾಡಿದರೆ ಟರ್ಬೊ ಬಾಳಿಕೆ ಬರುತ್ತದೆ. ಶಿರಾಡಿ ಘಾಟಿ ಹತ್ತಿ ಇಳಿಯುವವರು ಇದನ್ನು ನೆನಪಿಡಿ.

ಮೂರನೆಯದು ಇಂಜೆಕ್ಟರು. ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ, ನಿಂತಲ್ಲೇ ನಡುಗುತ್ತದೆ, ಕಪ್ಪು ಹೊಗೆ ಬರುತ್ತದೆ. ತೆಗೆದು ಪರೀಕ್ಷಿಸಿ ಕ್ಲೀನ್ ಮಾಡಿಸಿದರೆ ಒಂದಕ್ಕೆ ಒಂದೆರಡು ಸಾವಿರ. ಹೊಸತು ಹಾಕುವುದಾದರೆ ಒಂದಕ್ಕೇ ಹತ್ತು ಸಾವಿರದ ಮೇಲೆ ಹೋಗುತ್ತದೆ, ನಾಲ್ಕು ಇರುತ್ತವೆ. ಸಣ್ಣ ಪೇಟೆಯೊಳಗೆ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವ ಡೀಸೆಲ್ ಗಾಡಿಯಲ್ಲಿ ಇಜಿಆರ್ ವಾಲ್ವ್ ಕರಿ ಕಟ್ಟಿ ಇದೇ ತೊಂದರೆ ಕೊಡುತ್ತದೆ. ಮದ್ರಸಕ್ಕೆ, ಅಂಗಡಿಗೆ, ಪಕ್ಕದೂರಿಗೆ ಮಾತ್ರ ಗಾಡಿ ಬೇಕಾದ ಮನೆಯವರಿಗೆ ಪೆಟ್ರೋಲ್ ಗಾಡಿಯೇ ಲೇಸು. ತಿಂಗಳಿಗೆ ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡದವರಿಗೆ ಡೀಸೆಲಿನ ಮೈಲೇಜಿನಲ್ಲಿ ಉಳಿದದ್ದು ರಿಪೇರಿಯಲ್ಲಿ ಹೋಗುತ್ತದೆ.

ಹೊಗೆಯ ಬಣ್ಣ ಒಂದು ನೆನಪಿಟ್ಟುಕೊಂಡರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಪ್ಪ ಬಿಳಿ ಹೊಗೆ ಬರುತ್ತಿದ್ದರೆ ನೀರು ಒಳಗೆ ಹೋಗುತ್ತಿರಬಹುದು. ಕಪ್ಪು ಅಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಕಪ್ಪಿಗೆ ಕೆಲವೊಮ್ಮೆ ಏರ್ ಫಿಲ್ಟರ್ ಬದಲಿಸಿದರೂ ಸಾಕಾಗುತ್ತದೆ. ನೀಲಿ ಮತ್ತು ಬಿಳಿ ಕಂಡರೆ ಆ ವ್ಯಾಪಾರ ಬಿಟ್ಟುಬಿಡುವುದೇ ವಾಸಿ.

ಕ್ಲಚ್, ಸಸ್ಪೆನ್ಶನ್, ಎ.ಸಿ.

ಕ್ಲಚ್ ಸವೆದದ್ದನ್ನು ನೋಡಲು ಏರು ದಾರಿಗೆ ಹೋಗಿ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಓಡುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಪೆಡಲ್ ಗಟ್ಟಿ ಇರುವುದು, ಕಾಲು ಪೂರ್ತಿ ಮೇಲೆ ಬಂದ ಮೇಲೆ ಗಾಡಿ ಹೊರಡುವುದು, ಇವೂ ಗುರುತೇ. ಸೆಟ್ ಬದಲಿಸಲು ಎಂಟರಿಂದ ಹನ್ನೆರಡು ಸಾವಿರ.

ಸಸ್ಪೆನ್ಶನಿಗೆ ನಮ್ಮ ರಸ್ತೆಗಳೇ ಪರೀಕ್ಷೆ. ಹೊಂಡ ಇರುವ ದಾರಿಯಲ್ಲಿ ಗ್ಲಾಸ್ ಏರಿಸಿ, ರೇಡಿಯೊ ಆಫ್ ಮಾಡಿ ನಿಧಾನಕ್ಕೆ ಓಡಿಸಿ. ಮುಂದಿನಿಂದ ಕಟ ಕಟ ಅಂದರೆ ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಷ್, ಸ್ಟಿಯರಿಂಗ್ ತಿರುಗಿಸುವಾಗ ಸದ್ದು ಬಂದರೆ ಸ್ಟ್ರಟ್ ಮೌಂಟಿಂಗ್ ಇರಬಹುದು. ಲಿಂಕ್ ರಾಡ್ ಐನೂರರಿಂದ ಸಾವಿರ, ಲೋವರ್ ಆರ್ಮ್ ಒಂದಕ್ಕೆ ಒಂದೂವರೆಯಿಂದ ಎರಡೂವರೆ ಸಾವಿರ. ಒಂದೊಂದೇ ನೋಡಿದರೆ ಸಣ್ಣದು, ಒಟ್ಟಿಗೆ ಹಾಕಿದರೆ ಹತ್ತು ಸಾವಿರ ದಾಟುತ್ತದೆ. ಟಯರ್ ಒಂದೇ ಬದಿ ತಿಂದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಸಸ್ಪೆನ್ಶನ್ ಸವೆದಿದೆ ಅಂತ ತಿಳಿಯಿರಿ. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ, ಮೊದಲೆರಡು ವಾರ, ಮತ್ತೆರಡು ವರ್ಷ. 2317 ಅಂತ ಇದ್ದರೆ 2017ರ ಇಪ್ಪತ್ತಮೂರನೇ ವಾರದಲ್ಲಿ ಮಾಡಿದ್ದು. ಗುಂಡಿ ಎಷ್ಟೇ ಚೆನ್ನಾಗಿ ಕಂಡರೂ ಅಷ್ಟು ಹಳೆಯ ಟಯರನ್ನು ನಂಬಬಾರದು, ನಾಲ್ಕು ಹೊಸತರ ಖರ್ಚು ಲೆಕ್ಕಕ್ಕೆ ಹಿಡಿಯಬೇಕು.

ಎ.ಸಿ. ವಿಷಯದಲ್ಲಿ ನಾವು ಮೋಸ ಹೋದದ್ದು ಹೀಗೆ. ಗ್ಯಾಸ್ ಸೋರುವ ಎ.ಸಿ.ಗೆ ಮಾರುವ ಹಿಂದಿನ ದಿನ ಗ್ಯಾಸ್ ತುಂಬಿಸಿದರೆ ಮಂಜಿನ ಹಾಗೆ ತಂಪು ಬರುತ್ತದೆ. ಎರಡು ತಿಂಗಳಿಗೆ ಖಾಲಿ. ಡ್ಯಾಶ್‌ಬೋರ್ಡ್ ಒಳಗಿರುವ ಕೂಲಿಂಗ್ ಕಾಯಿಲ್ ತೂತಾಗಿದ್ದರೆ ಗ್ಯಾಸ್ ಎಷ್ಟು ಹಾಕಿದರೂ ನಿಲ್ಲುವುದಿಲ್ಲ. ಕಾಯಿಲಿಗೆ ಐದರಿಂದ ಒಂಬತ್ತು ಸಾವಿರ, ಕಂಪ್ರೆಸರ್ ಹೋಗಿದ್ದರೆ ಹನ್ನೆರಡರಿಂದ ಇಪ್ಪತ್ತು ಸಾವಿರ. ಎ.ಸಿ. ಯಾವಾಗ ಗ್ಯಾಸ್ ಹಾಕಿಸಿದ್ದು ಅಂತ ನೇರ ಕೇಳಿ. ಗ್ಯಾಸ್ ತುಂಬಿಸುವ ಪೈಪಿನ ಕ್ಯಾಪ್ ಮಾತ್ರ ಥಳ ಥಳ ಇದ್ದು ಸುತ್ತ ಧೂಳಿದ್ದರೆ ಉತ್ತರ ಅಲ್ಲೇ ಉಂಟು.

ಕಡಲ ಗಾಳಿ, ಮಳೆ ನೀರು

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಉಳ್ಳಾಲ, ಸುರತ್ಕಲ್, ಕಾಪು ಕಡೆ ಕಡಲಿನ ಉಪ್ಪು ಗಾಳಿ ಬೇರೆ. ಬೆಂಗಳೂರಿನ ಕಾರಿಗೆ ಹದಿನೈದು ವರ್ಷಕ್ಕೆ ಬರುವ ತುಕ್ಕು ಇಲ್ಲಿ ಎಂಟು ವರ್ಷಕ್ಕೇ ಬಂದರೂ ಆಶ್ಚರ್ಯ ಇಲ್ಲ. ಮೇಲಿನ ಪೇಂಟ್ ನೋಡಿ ಮರುಳಾಗಬೇಡಿ. ಬಾಗಿಲಿನ ಅಡಿಯ ಅಂಚು, ಡಿಕ್ಕಿಯ ಸ್ಟೆಪ್ನಿ ಇಡುವ ಗುಂಡಿ, ಚಕ್ರದ ಮೇಲಿನ ಒಳಭಾಗ ಮತ್ತು ಗಾಡಿಯ ಹೊಟ್ಟೆ ನೋಡಬೇಕು. ಗ್ಯಾರೇಜಿನಲ್ಲಿ ಲಿಫ್ಟಿಗೆ ಹಾಕಿ ಎತ್ತಿದರೆ ಎಲ್ಲ ಕಾಣುತ್ತದೆ. ಹೊಟ್ಟೆಗೆ ಮೊನ್ನೆ ಮೊನ್ನೆ ಕಪ್ಪು ಕೋಟಿಂಗ್ ಹೊಡೆಸಿದ್ದು ಕಂಡರೆ ಒಳಗಿನ ತುಕ್ಕು ಮುಚ್ಚಲು ಇರಬಹುದು, ಸ್ಕ್ರೂಡ್ರೈವರಿನಲ್ಲಿ ಸ್ವಲ್ಪ ಕೆರೆದು ನೋಡಿ.

ನೆರೆ ನೀರಿನಲ್ಲಿ ಮುಳುಗಿದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಮ್ಯಾಟ್ ಎತ್ತಿ ಕೈ ಇಟ್ಟು ನೋಡಿ, ಸೀಟಿನ ಅಡಿಯ ಕಬ್ಬಿಣದ ಪಟ್ಟಿಯಲ್ಲಿ ತುಕ್ಕು, ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಕೊನೆಯಲ್ಲಿ ಕೆಸರಿನ ಗೆರೆ, ಇವು ಗುರುತು. ಅತ್ತರು ಜಾಸ್ತಿ ಹೊಡೆದಿದ್ದರೆ ಯಾಕೆ ಅಂತ ಯೋಚಿಸಿ. ಅಂಥ ಗಾಡಿಯಲ್ಲಿ ವಯರಿಂಗ್ ತೊಂದರೆ ಒಂದಾದ ಮೇಲೆ ಒಂದು ಬರುತ್ತದೆ, ಅದಕ್ಕೆ ಇಷ್ಟು ಅಂತ ಖರ್ಚು ಹೇಳಲು ಯಾವ ಮೆಕ್ಯಾನಿಕನಿಗೂ ಆಗುವುದಿಲ್ಲ.

ಹತ್ತು ತಿಂಗಳು ಶೆಡ್ಡಿನಲ್ಲಿ

ನಮ್ಮ ಮನೆಗಳದ್ದೇ ಆದ ಒಂದು ತೊಂದರೆ ಇದೆ. ಕಾರು ತೆಗೆದವನು ರಜೆ ಮುಗಿಸಿ ಹೋಗುತ್ತಾನೆ. ಕಾರು ಮಾತ್ರ ಶೆಡ್ಡಿನಲ್ಲಿ ಹತ್ತು ತಿಂಗಳು, ಒಮ್ಮೊಮ್ಮೆ ಎರಡು ವರ್ಷ ಮಲಗಿರುತ್ತದೆ. ಓಡದ ಕಾರು ಹಾಳಾಗುವುದಿಲ್ಲ ಅಂತ ಅಂದುಕೊಳ್ಳುತ್ತೇವೆ. ನಿಜವಾಗಿ ಓಡಿದ ಕಾರಿಗಿಂತ ನಿಂತ ಕಾರು ಬೇಗ ಹಾಳಾಗುತ್ತದೆ. ಬ್ಯಾಟರಿ ಸಾಯುತ್ತದೆ. ಬ್ರೇಕ್ ಅಂಟಿಕೊಳ್ಳುತ್ತದೆ. ಟಯರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಇಲಿಗಳು ವಯರು ಕಡಿಯುತ್ತವೆ. ಮಳೆಗಾಲದಲ್ಲಿ ಸೀಟಿಗೆ ಬೂಸ್ಟು ಬರುತ್ತದೆ. ಮುಂದಿನ ರಜೆಯ ಮೊದಲ ಹದಿನೈದು ದಿನ ಗ್ಯಾರೇಜಿನಲ್ಲೇ ಕಳೆದು ಹೋಗುತ್ತದೆ.

ಕೆಲಸ ಕಷ್ಟದ್ದಲ್ಲ. ಮನೆಯಲ್ಲಿ ಓಡಿಸಲು ಬರುವವರು, ಅದು ಹೆಂಡತಿಯೋ ಮಗಳೋ ಅಳಿಯನೋ, ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ ತರಬೇಕು. ಶೆಡ್ಡಿನಲ್ಲಿ ಬರೀ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡಿದರೆ ಪ್ರಯೋಜನ ಇಲ್ಲ, ಬ್ಯಾಟರಿಯಿಂದ ತೆಗೆದದ್ದು ಮರಳಿ ತುಂಬುವುದೂ ಇಲ್ಲ. ಯಾರೂ ಓಡಿಸುವವರು ಇಲ್ಲದಿದ್ದರೆ ಬ್ಯಾಟರಿಯ ಮೈನಸ್ ವಯರು ಬಿಚ್ಚಿಡಿ, ಟಯರಿಗೆ ಗಾಳಿ ಸ್ವಲ್ಪ ಹೆಚ್ಚು ತುಂಬಿಸಿಡಿ, ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿಗೆ ಹಾಕಿ ಚಕ್ರದ ಅಡಿಗೆ ಕಲ್ಲು ಕೊಡಿ. ನಿಂತ ಗಾಡಿಗೂ ಇನ್ಶೂರೆನ್ಸ್ ಮುಗಿಯಲು ಬಿಡಬೇಡಿ.

ಇದೇ ಕಾರಣಕ್ಕೆ ‘ಗಲ್ಫಿನವರ ಗಾಡಿ, ಓಡಿಸಿಯೇ ಇಲ್ಲ’ ಎಂಬ ಮಾತಿಗೂ ಮರುಳಾಗಬಾರದು. ಹತ್ತು ವರ್ಷಕ್ಕೆ ಬರೀ ಮೂವತ್ತು ಸಾವಿರ ಕಿಲೋಮೀಟರ್ ಓಡಿದ್ದು ನಿಜವೇ ಆದರೂ ಅದರ ರಬ್ಬರು, ಹೋಸ್, ಬ್ಯಾಟರಿ, ಟಯರು ಹತ್ತು ವರ್ಷದ್ದೇ.

ಕಾಗದ ಪತ್ರದ ರಿಪೇರಿ

ಇಂಜಿನಿನ ಹಾಗೆ ಕಾಗದಕ್ಕೂ ರಿಪೇರಿ ಖರ್ಚು ಇದೆ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಷ್ಟನೇ ಓನರ್, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಬ್ಯಾಂಕಿನ ಸಾಲ ಬಾಕಿ ಇದೆಯೇ ಎಂಬುದು ಕಾಣುತ್ತದೆ. ದಂಡದ ಇ-ಚಲನ್ ಬಾಕಿಯೂ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಿಸಲು ಫಾರ್ಮ್ 29 ಮತ್ತು 30 ಬೇಕು. ‘ಆಮೇಲೆ ಮಾಡುವ’ ಅಂತ ಬಿಟ್ಟರೆ ಹಳೆಯ ಓನರ್ ಊರಲ್ಲಿ ಇರುವುದಿಲ್ಲ, ಅವರೂ ಗಲ್ಫಿನಲ್ಲಿ ಇರುತ್ತಾರೆ. ಇನ್ಶೂರೆನ್ಸ್ ಅನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಬೇಕು. ಇಲ್ಲದಿದ್ದರೆ ನಿಮ್ಮ ಗಾಡಿಗೆ ಪೆಟ್ಟಾದಾಗ ಕ್ಲೇಮ್ ಸಿಗುವುದು ಕಷ್ಟ.

ಕಾಸರಗೋಡು ಕಡೆಯ ಕೇರಳ ನಂಬರಿನ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ತರುವವರು ಬಹಳ. ಅದಕ್ಕೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ತೆರಿಗೆ ಸೇರಿಸಿದರೆ ಅಗ್ಗ ಹೋಯಿತು. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಹದಿಮೂರು ವರ್ಷದ ಗಾಡಿ ತೆಗೆಯುವವರು ಇದನ್ನೂ ಲೆಕ್ಕಕ್ಕೆ ಸೇರಿಸಬೇಕು.

ತೆಗೆಯುವ ಮೊದಲು ಇಷ್ಟಾದರೂ ಮಾಡಿ

ಹಗಲಿನ ಬೆಳಕಿನಲ್ಲಿ, ಮಳೆ ಇಲ್ಲದಾಗ ಗಾಡಿ ನೋಡಿ. ತಣ್ಣಗಿರುವ ಇಂಜಿನ್ ನೀವೇ ಸ್ಟಾರ್ಟ್ ಮಾಡಿ.

ಮಾರುವವರ ಗ್ಯಾರೇಜಿಗೆ ಬೇಡ, ನಿಮ್ಮ ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋಗಿ. ‘ಬೇಡ’ ಅಂತ ಮಾರುವವರು ಹಟ ಹಿಡಿದರೆ ಅಲ್ಲಿಂದ ಎದ್ದು ಬನ್ನಿ. ಲಿಫ್ಟ್, ಸ್ಕ್ಯಾನರ್ ಎಲ್ಲ ಸೇರಿ ಒಂದೆರಡು ಸಾವಿರ ಆಗಬಹುದು.

ಮೀಟರಿನ ಸಂಖ್ಯೆ ನಂಬಬೇಡಿ, ಸರ್ವಿಸ್ ಬಿಲ್ಲು ಕೇಳಿ. ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿ, ಸ್ಟಿಯರಿಂಗ್ ಹೊಳೆಯುತ್ತಾ ಇದ್ದರೆ ಐವತ್ತು ಸಾವಿರ ಓಡಿದ್ದು ಎಂಬ ಮಾತು ಸುಳ್ಳು.

ಮೆಕ್ಯಾನಿಕ್ ಹೇಳಿದ ಕೆಲಸಗಳನ್ನು ಖರ್ಚಿನ ಸಮೇತ ಬರೆಸಿಕೊಳ್ಳಿ. ಆ ಮೊತ್ತ ಬೆಲೆಯಲ್ಲಿ ಇಳಿಸಿ ಕೇಳಿ.

ಎಲ್ಲಕ್ಕಿಂತ ಮುಖ್ಯ, ಕೈಯಲ್ಲಿ ಐದು ಲಕ್ಷ ಇದ್ದರೆ ನಾಲ್ಕು ಲಕ್ಷದ ಗಾಡಿ ನೋಡಿ. ಉಳಿದ ಒಂದು ಲಕ್ಷ ಮೊದಲ ವರ್ಷದ ರಿಪೇರಿಗೆ, ಇನ್ಶೂರೆನ್ಸಿಗೆ, ಹೆಸರು ಬದಲಿಸಲಿಕ್ಕೆ. ಖರ್ಚಾಗದೆ ಉಳಿದರೆ ಲಾಭ ನಿಮ್ಮದೇ.

ಐಬು ಹೇಳಿ ಮಾರುವುದು

ಮಾಲಿನ ಐಬು ಮುಚ್ಚಿಟ್ಟು ಮಾರಬಾರದು ಎಂಬುದನ್ನು ಮದ್ರಸದಲ್ಲಿ ಕಲಿಯದವರು ನಮ್ಮಲ್ಲಿ ಯಾರೂ ಇಲ್ಲ. ಮೀನಿನ ಬುಟ್ಟಿಯಲ್ಲಿ, ಬಟ್ಟೆ ಅಂಗಡಿಯಲ್ಲಿ ಅದನ್ನು ಪಾಲಿಸುವವರು ಕಾರಿನ ವಿಷಯಕ್ಕೆ ಬಂದಾಗ ಮಾತ್ರ ‘ಅವರು ನೋಡಿಯೇ ತೆಗೆದದ್ದಲ್ವಾ’ ಅನ್ನುತ್ತಾರೆ. ನಡುವೆ ನಿಂತು ಕಮಿಷನ್ ತೆಗೆದುಕೊಂಡವರೂ ಅದನ್ನೇ ಹೇಳುತ್ತಾರೆ. ನಮಗೆ ಕಾರು ಮಾರಿದವರಿಗೆ ರೇಡಿಯೇಟರಿನ ವಿಷಯ ಗೊತ್ತಿತ್ತೋ ಇಲ್ಲವೋ, ಅದನ್ನು ನಾವು ವಿಚಾರಿಸಲು ಹೋಗಲಿಲ್ಲ. ಗೊತ್ತಿದ್ದರೆ ಅದು ಅವರ ಲೆಕ್ಕ.

ಈ ವರ್ಷ ತಮ್ಮನಿಗೆ ದೊಡ್ಡ ಗಾಡಿ ಬೇಕಾಯಿತು, ಈ ಸೆಡಾನನ್ನು ಮಾರಲು ಹೊರಟೆವು. ನೋಡಲು ಬಂದವರು ಬೆಳ್ತಂಗಡಿ ಕಡೆಯ ಹುಡುಗ, ಮದುವೆ ಗೊತ್ತಾಗಿದೆ. ಅವನ ಕೈಗೆ ಮೊದಲು ಬಿಲ್ಲುಗಳ ಫೈಲು ಕೊಟ್ಟೆವು. ಹೆಡ್ ಬಿಚ್ಚಿದ್ದು, ಕ್ಲಚ್ ಹಾಕಿದ್ದು ಎಲ್ಲ ಹೇಳಿದೆವು. ಹಿಂದಿನ ಶಾಕ್ ಅಬ್ಸಾರ್ಬರ್ ಸವೆದಿದೆ, ಅದನ್ನು ನಾವು ಹಾಕಿಸಿಲ್ಲ ಅಂತಲೂ ಹೇಳಿದೆವು. ನಮ್ಮ ಮೆಕ್ಯಾನಿಕ್ ಬೇಡ, ನಿನ್ನ ಮೆಕ್ಯಾನಿಕನನ್ನು ಕರೆದುಕೊಂಡು ಬಾ ಅಂದೆವು. ಎರಡು ದಿನ ಬಿಟ್ಟು ಮೆಕ್ಯಾನಿಕ್ ಜೊತೆ ಬಂದ. ನಾವು ಕೇಳಿದ ಬೆಲೆಯಲ್ಲಿ ಇಪ್ಪತ್ತು ಸಾವಿರ ಇಳಿಸಿ ಕೇಳಿದ, ಕೊಟ್ಟೆವು. ನಾವು ಹಾಕಿದ ಎಂಬತ್ತೇಳು ಸಾವಿರ ವಾಪಸು ಬರಲಿಲ್ಲ, ಹಳೆ ಕಾರಿಗೆ ಹಾಕಿದ ದುಡ್ಡು ಯಾರಿಗೂ ವಾಪಸು ಬರುವುದಿಲ್ಲ.

ಹೋಗುವಾಗ ಆ ಹುಡುಗನಿಗೆ ಒಂದೇ ಮಾತು ಹೇಳಿದೆವು. ಬಿಸಿಯ ಮುಳ್ಳು ಏರಿದರೆ ಅಲ್ಲೇ ನಿಲ್ಲಿಸು, ಮುಂದಿನ ಊರಿನವರೆಗೆ ಹೋಗುವ ಅಂತ ಯಾರು ಹೇಳಿದರೂ ಕೇಳಬೇಡ. ಒಳಗಿನಿಂದ ಉಮ್ಮ, ‘ಅವನಿಗೆ ಚಹಾ ಕೊಟ್ಟಿರಾ?’ ಅಂತ ಕೇಳುತ್ತಿದ್ದರು. ಹುಡುಗ ಚಹಾ ಕುಡಿದು, ಫೈಲನ್ನು ಸೀಟಿನ ಮೇಲೆ ಇಟ್ಟುಕೊಂಡು ಹೋದ.